ಮೆದುಳಿನ ಆಪರೇಷನ್‌ಗೆ ದುಡ್ಡು ಸೇರಿಸಬೇಕು: ಪೋಸ್ಟರ್ ಹಂಚುವ ಮೊದಲು ಏನೇನು ನೋಡಬೇಕು?

ಲಗ್ಗೆರೆ ನಿವಾಸಿ
ಎಲ್ಲರಿಗೂ ನಮಸ್ಕಾರ. ನಮ್ಮ ವಠಾರದಲ್ಲಿ ಬಾಡಿಗೆಗಿರುವ ಒಂದು ಕುಟುಂಬದ ವಿಷಯ ಇದು. ಗಂಡ ಮನೆಗಳಿಗೆ ಪೇಂಟಿಂಗ್ ಮಾಡುತ್ತಾರೆ. ಹೆಂಡತಿ ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಇಬ್ಬರು ಮಕ್ಕಳು, ದೊಡ್ಡವಳು ಎಂಟನೇ ಕ್ಲಾಸು. ಗಂಡನಿಗೆ ಕೆಲವು ತಿಂಗಳಿಂದ ಬೆಳಿಗ್ಗೆ ಎದ್ದ ಕೂಡಲೇ ತಲೆನೋವು, ವಾಂತಿ. ಗ್ಯಾಸ್ಟ್ರಿಕ್ ಇರಬೇಕು ಅಂತ ಮಾತ್ರೆ ನುಂಗುತ್ತಿದ್ದರು. ಹೋದ ವಾರ ಕೆಲಸದ ಜಾಗದಲ್ಲೇ ಫಿಟ್ಸ್ ಬಂದು ಬಿದ್ದರು. ಎಂಆರ್‌ಐ ಮಾಡಿಸಿದಾಗ ಮೆದುಳಿನಲ್ಲಿ ಗಡ್ಡೆ ಇದೆ ಅಂತ ಗೊತ್ತಾಯಿತು. ಒಂದು ಖಾಸಗಿ ಆಸ್ಪತ್ರೆ 6.5 ಲಕ್ಷ ರೂಪಾಯಿಗೆ ಎಸ್ಟಿಮೇಟ್ ಕೊಟ್ಟಿದೆ. ಅವರ ಹತ್ತಿರ ಅದರ ಹತ್ತನೇ ಒಂದು ಭಾಗವೂ ಇಲ್ಲ.

ಅವರ ಸಂಬಂಧಿಕ ಹುಡುಗ ಆಗಲೇ ಒಂದು ಪೋಸ್ಟರ್ ಮಾಡಿದ್ದಾನೆ. ಆಸ್ಪತ್ರೆ ಹಾಸಿಗೆಯ ಮೇಲಿನ ಫೋಟೋ, ಮಕ್ಕಳ ಫೋಟೋ, ಕೆಳಗೆ ಅವನದೇ ಖಾತೆಯ ಕ್ಯೂಆರ್ ಕೋಡ್. ಸ್ವಲ್ಪ ತಡೆ, ಯಾವ ಗ್ರೂಪಿಗೂ ಕಳಿಸಬೇಡ ಅಂತ ಹೇಳಿದ್ದೇನೆ. ಆನ್‌ಲೈನ್‌ನಲ್ಲಿ ದುಡ್ಡು ಸೇರಿಸುವುದು ಹೇಗೆ, ಯಾವ ತಾಣ ಒಳ್ಳೆಯದು, ಎಷ್ಟು ಬರಬಹುದು? ಗೊತ್ತಿರುವವರು ದಯವಿಟ್ಟು ಬೇಗ ಹೇಳಿ.

ಹಳೇ ಸೋಷಿಯಲ್ ವರ್ಕರ್
ಪೋಸ್ಟರ್ ತಡೆದದ್ದು ಒಳ್ಳೆಯದಾಯಿತು. ನಾನು ಬೆಂಗಳೂರಿನ ಆಸ್ಪತ್ರೆಗಳಲ್ಲಿ ಸೋಷಿಯಲ್ ವರ್ಕರ್ ಆಗಿ ತುಂಬಾ ವರ್ಷ ಕೆಲಸ ಮಾಡಿ ಈಗ ನಿವೃತ್ತಳಾಗಿದ್ದೇನೆ. ದುಡ್ಡು ಸೇರಿಸುವ ಮಾತು ಆಮೇಲೆ. ಮೊದಲು ಇದನ್ನು ಹೇಳಿ: ಆ ಮನೆಯಲ್ಲಿ ಯಾವ ರೇಷನ್ ಕಾರ್ಡ್ ಇದೆ? ಹೆಂಡತಿಯ ಸಂಬಳದ ಚೀಟಿಯಲ್ಲಿ ಇಎಸ್‌ಐ, ಅಂದರೆ ನೌಕರರ ವಿಮೆ, ಅಂತ ಕಟ್ ಆಗುತ್ತಿದೆಯಾ? ಪೇಂಟಿಂಗ್ ಮಾಡುವವರು ಕಟ್ಟಡ ಕಾರ್ಮಿಕರ ಲೇಬರ್ ಕಾರ್ಡ್ ಮಾಡಿಸಿದ್ದಾರಾ? ಮತ್ತೆ, ಎಷ್ಟು ದಿನ ಕಾಯಬಹುದು ಅಂತ ಡಾಕ್ಟರನ್ನು ಯಾರಾದರೂ ನೇರವಾಗಿ ಕೇಳಿದ್ದೀರಾ?

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಮೆದುಳಿನ ಗಡ್ಡೆ ಅಂದ ತಕ್ಷಣ ಮನೆಯವರು ನಾಳೆಯೇ ಆಪರೇಷನ್ ಆಗದಿದ್ದರೆ ಜೀವ ಹೋಗುತ್ತದೆ ಅಂದುಕೊಳ್ಳುತ್ತಾರೆ. ಕೆಲವು ಗಡ್ಡೆಗಳು ಹಾಗೇ ಇರುತ್ತವೆ, ತಡ ಮಾಡುವ ಹಾಗಿಲ್ಲ. ಆದರೆ ಮೆನಿಂಜಿಯೋಮಾದಂಥವು ಸಾಮಾನ್ಯವಾಗಿ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತವೆ. ಊತ ಇಳಿಸುವ ಸ್ಟೀರಾಯ್ಡ್ ಮತ್ತು ಫಿಟ್ಸ್ ಮಾತ್ರೆ ಕೊಟ್ಟು, ಸರಿಯಾದ ಆಸ್ಪತ್ರೆಯಲ್ಲಿ ಜಾಗ ಸಿಗುವವರೆಗೆ ಕಾಯಬಹುದಾದ ರೋಗಿಗಳು ಬೇಕಾದಷ್ಟು ಜನ ಇರುತ್ತಾರೆ. ಆ ತೀರ್ಮಾನ ಡಾಕ್ಟರೇ ಹೇಳಬೇಕು. ಕೇಳಬೇಕಾದವರು ನಾವು.

ಲಗ್ಗೆರೆ ನಿವಾಸಿ
ಮೇಡಂ, ಈಗಷ್ಟೇ ಕೇಳಿ ಬಂದೆ. ರೇಷನ್ ಕಾರ್ಡ್ ಬಿಪಿಎಲ್, ಊರಿನಲ್ಲಿ ಅವರ ತಾಯಿಯ ಜೊತೆ ಹೆಸರು ಇದೆ. ಲೇಬರ್ ಕಾರ್ಡ್ ಇಲ್ಲ. ಹೆಂಡತಿಯ ಸಂಬಳದಲ್ಲಿ ಇಎಸ್‌ಐ ಅಂತ ಪ್ರತಿ ತಿಂಗಳು ಹಿಡಿಯುತ್ತಾರೆ. ಅದು ತನಗೆ ಮಾತ್ರ ಅಂತ ಅವರು ಅಂದುಕೊಂಡಿದ್ದಾರೆ.

ಹಳೇ ಸೋಷಿಯಲ್ ವರ್ಕರ್
ಗಂಡನಿಗೂ ಮಕ್ಕಳಿಗೂ ಇದೆ! ದಯವಿಟ್ಟು ಇವತ್ತೇ ಅವರಿಗೆ ಹೇಳಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಬರುತ್ತದೆ. 2019ರಿಂದ ಕೆಲಸಗಾರರ ಪಾಲು ಸಂಬಳದ ಶೇ. 0.75, ಮಾಲೀಕರ ಪಾಲು ಶೇ. 3.25. ಇದು ಅವರದೇ ದುಡ್ಡು, ಯಾರ ದಾನವೂ ಅಲ್ಲ. ದೊಡ್ಡ ಆಪರೇಷನ್‌ಗಳಿಗೆ ಇಎಸ್‌ಐ ಆಸ್ಪತ್ರೆಯಿಂದಲೇ ಒಪ್ಪಂದ ಇರುವ ಖಾಸಗಿ ಆಸ್ಪತ್ರೆಗೆ ರೆಫರ್ ಮಾಡುತ್ತಾರೆ. ರೆಫರಲ್ ಸಿಕ್ಕಿದರೆ ರೋಗಿ ಅಡ್ವಾನ್ಸ್ ಕಟ್ಟಬೇಕಾಗಿಲ್ಲ. ಕನಿಷ್ಠ ಇಂತಿಷ್ಟು ಕಾಲ ಕಂತು ಕಟ್ಟಿರಬೇಕು ಅನ್ನುವ ನಿಯಮ ಇದೆ. ವರ್ಷಗಳಿಂದ ಒಂದೇ ಕಡೆ ಕೆಲಸ ಮಾಡುತ್ತಿದ್ದರೆ ತೊಂದರೆ ಆಗಬಾರದು.

ಸಾಮಾನ್ಯವಾಗಿ ಸಿಕ್ಕಿಬೀಳುವುದು ಒಂದೇ ಕಡೆ. ಗಂಡನ ಹೆಸರು, ಆಧಾರ್ ನಂಬರ್ ಹೆಂಡತಿಯ ಇಎಸ್‌ಐ ದಾಖಲೆಯಲ್ಲಿ ಸೇರಿರುವುದಿಲ್ಲ. ಫ್ಯಾಕ್ಟರಿಯ ಎಚ್‌ಆರ್ ಅವರಿಂದ ಸೇರಿಸಿಸಬೇಕು. ಆಮೇಲೆ ಅವರ ಡಿಸ್ಪೆನ್ಸರಿ, ಅಲ್ಲಿಂದ ರಾಜಾಜಿನಗರದ ದೊಡ್ಡ ಇಎಸ್‌ಐ ಆಸ್ಪತ್ರೆ. ಶಿಫ್ಟ್ ಬಿಟ್ಟರೆ ಆ ದಿನದ ಸಂಬಳ ಹೋಗುತ್ತದೆ ಅಂತ ಆ ಹೆಣ್ಣುಮಗಳು ಹೆದರುತ್ತಾಳೆ. ಎಚ್‌ಆರ್ ಮುಂದೆ ನಿಂತು ಕೇಳುವುದಕ್ಕೂ ಹೆದರುತ್ತಾಳೆ. ಅಲ್ಲಿಗೆ ನೀವು ಜೊತೆಗೆ ಹೋಗಿ.

ನನ್ನ ಅನುಭವದಲ್ಲಿ ಇಂಥ ಮನೆಗಳಿಗೆ ಮೊದಲು ಬೇಕಾಗುವುದು ಫೈಲ್ ಹಿಡಿದುಕೊಂಡು ಜೊತೆಗೆ ಓಡಾಡುವ ಒಬ್ಬ ಮನುಷ್ಯ. ದುಡ್ಡು ಸೇರಿಸಬೇಕಾಗಿರುವುದು ಆಮೇಲೆ ಉಳಿಯುವ ಕೊರತೆಗೆ. ಪೂರ್ತಿ 6.5 ಲಕ್ಷಕ್ಕೆ ಜನರ ಮುಂದೆ ಕೈಚಾಚಿದರೆ ಅದು ಬರುವುದೂ ಕಷ್ಟ, ಅಷ್ಟರಲ್ಲಿ ದಿನವೂ ಕಳೆದುಹೋಗುತ್ತದೆ.

ಶಾಂತಿನಗರದ ಅಣ್ಣ
ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಎಲ್ಲರಿಗೂ ಅಷ್ಟು ಸಮಯ ಸಿಗುವುದಿಲ್ಲ. ನನ್ನ ತಂಗಿಗೆ ಮೆದುಳಿನ ರಕ್ತನಾಳ ಉಬ್ಬಿ ಒಡೆಯಿತು, ಅನ್ಯೂರಿಸಂ ಅನ್ನುತ್ತಾರಲ್ಲ, ಅದು. ಪಾತ್ರೆ ತೊಳೆಯುತ್ತಿದ್ದವಳು ತಲೆ ಹಿಡಿದುಕೊಂಡು ಕೂತಳು, ಅಷ್ಟೇ. ಒಮ್ಮೆ ಒಡೆದದ್ದು ಮತ್ತೆ ಒಡೆಯುವ ಅಪಾಯ ಮೊದಲ ದಿನಗಳಲ್ಲೇ ಜಾಸ್ತಿ. ಹತ್ತಿರ ಇದ್ದ ಆಸ್ಪತ್ರೆಗೆ ಸೇರಿಸಿದೆವು. ಆ ರಾತ್ರಿ ಯಾವ ಕಾರ್ಡ್, ಯಾವ ರೆಫರಲ್ ಅಂತ ಯೋಚಿಸುವ ಸ್ಥಿತಿಯಲ್ಲಿ ನಾವು ಇರಲಿಲ್ಲ.

ನಮಗೆ ಎರಡು ದಾರಿ ಹೇಳಿದರು. ತಲೆಬುರುಡೆ ತೆರೆದು ಉಬ್ಬಿದ ಜಾಗಕ್ಕೆ ಕ್ಲಿಪ್ ಹಾಕುವುದು. ಇಲ್ಲವೇ ತೊಡೆಯ ರಕ್ತನಾಳದ ಮೂಲಕ ಹೋಗಿ ಒಳಗೆ ಸಣ್ಣ ಲೋಹದ ಸುರುಳಿ ತುಂಬುವುದು, ಅದಕ್ಕೆ ಕಾಯಿಲಿಂಗ್ ಅನ್ನುತ್ತಾರೆ. ಎಷ್ಟು ಸುರುಳಿ ಬೇಕಾಗುತ್ತದೋ ಅಷ್ಟೂ ಬಿಲ್‌ಗೆ ಸೇರುತ್ತದೆ. ನಮಗೆ ಗೊತ್ತಿರದ ಇನ್ನೊಂದು ವಿಷಯ, ಆಪರೇಷನ್ ಚೆನ್ನಾಗಿ ಆದರೂ ಸುಮಾರು ಎರಡು ವಾರ ರಕ್ತನಾಳಗಳು ಬಿಗಿದುಕೊಳ್ಳುವ ಅಪಾಯ ಇರುತ್ತದೆ. ಹಾಗಾಗಿ ಐಸಿಯು ಬಿಲ್ ಬೆಳೆಯುತ್ತಲೇ ಹೋಗುತ್ತದೆ. ಮೊದಲ ಎಸ್ಟಿಮೇಟ್‌ನಲ್ಲಿ ಅದು ಪೂರ್ತಿ ಇರಲಿಲ್ಲ. ತಂಗಿ ಉಳಿದಳು, ಅದೇ ದೊಡ್ಡದು.

ಆನ್‌ಲೈನ್ ಪೇಜ್ ತೆರೆದೆವು. ಬೆಂಗಳೂರಿನಲ್ಲೇ 2010ರಲ್ಲಿ ಶುರುವಾದ ಮಿಲಾಪ್ ಇದೆ, ಮುಂಬೈನ ಕೆಟೊ, ಇಂಪ್ಯಾಕ್ಟ್‌ಗುರು ಇವೆ. ಯಾವುದಾದರೂ ಸರಿ, ಆಸ್ಪತ್ರೆಯ ಪತ್ರ, ಗುರುತಿನ ಚೀಟಿ, ಎಸ್ಟಿಮೇಟ್ ಕೇಳುತ್ತಾರೆ. ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಪೇಜ್ ತೆರೆದರೆ ಎಲ್ಲಿಂದಲೋ ಅಪರಿಚಿತರು ಬಂದು ಕೊಡುತ್ತಾರೆ ಅನ್ನುವುದು ತುಂಬಾ ಕಮ್ಮಿ ಜನರ ವಿಷಯದಲ್ಲಿ ನಿಜ. ನಮಗೆ ಬಂದದ್ದು ತಂಗಿಯ ಆಫೀಸಿನವರಿಂದ, ನನ್ನ ಹೈಸ್ಕೂಲ್ ಬ್ಯಾಚ್ ಗ್ರೂಪಿನಿಂದ, ಊರಿನ ದೇವಸ್ಥಾನದ ಸಮಿತಿಯವರಿಂದ. ಪೇಜ್ ಬರೀ ಲೆಕ್ಕ ಇಡುವ ಜಾಗ. ಕೇಳುವುದು ನಾವೇ, ಒಬ್ಬೊಬ್ಬರಿಗೇ ಫೋನ್ ಮಾಡಿ.

ಹಳೇ ಸೋಷಿಯಲ್ ವರ್ಕರ್
ನಿಮ್ಮ ತಂಗಿ ಉಳಿದದ್ದು ಓದಿ ಸಂತೋಷವಾಯಿತು. ನೀವು ಹೇಳಿದ್ದು ಸರಿ, ಎಮರ್ಜೆನ್ಸಿಯಲ್ಲಿ ಹತ್ತಿರದ ಸರಿಯಾದ ಆಸ್ಪತ್ರೆಗೆ ಹೋಗಲೇಬೇಕು. ಒಂದನ್ನು ಮಾತ್ರ ಸೇರಿಸುತ್ತೇನೆ. ನಮ್ಮ ರಾಜ್ಯದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಎಮರ್ಜೆನ್ಸಿ ಚಿಕಿತ್ಸೆಗಳ ಒಂದು ಪಟ್ಟಿ ಇದೆ. ಆ ಪಟ್ಟಿಯಲ್ಲಿರುವುದಕ್ಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಡ. ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಹಾಗಾಗಿ ಆಂಬುಲೆನ್ಸ್‌ನಲ್ಲಿ ಇರುವಾಗಲೇ ಫೋನ್ ಮಾಡಿ, ಈ ಆಸ್ಪತ್ರೆ ಯೋಜನೆಯಲ್ಲಿ ಇದೆಯಾ ಅಂತ ಕೇಳಿ. ಒಳಗೆ ಈ ಯೋಜನೆಯ ಸಹಾಯಕ್ಕೆ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ಅಡ್ವಾನ್ಸ್ ಕೌಂಟರ್‌ಗಿಂತ ಮೊದಲು ಅವರನ್ನು ಹುಡುಕಿ.

ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಆ ಚಿಕಿತ್ಸೆಗೆ ಯೋಜನೆ ಗೊತ್ತು ಮಾಡಿದ ಪ್ಯಾಕೇಜ್ ದರದ ಶೇ. 30, ಅದೂ ವರ್ಷಕ್ಕೆ 1.5 ಲಕ್ಷದವರೆಗೆ. ಇದು ಮೊದಲೇ ಮಂಜೂರಾತಿ ಪಡೆಯಬೇಕಾದ ಕ್ಯಾಶ್‌ಲೆಸ್ ಯೋಜನೆ. ಸಾಲ ಮಾಡಿ ಬಿಲ್ ಕಟ್ಟಿ, ಡಿಸ್ಚಾರ್ಜ್ ಆದಮೇಲೆ ರಸೀದಿ ಹಿಡಿದು ಬಂದವರನ್ನು ತುಂಬಾ ನೋಡಿದ್ದೇನೆ. ಅವರ ಮುಖ ನೋಡಲು ಆಗುತ್ತಿರಲಿಲ್ಲ. ಅಂಥವರಿಗೆ ಉಳಿಯುವುದು ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಅರ್ಜಿ ಹಾಕುವುದು. ಅದಕ್ಕೆ ಬಿಲ್, ಡಿಸ್ಚಾರ್ಜ್ ಸಮ್ಮರಿ, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ಜೋಪಾನವಾಗಿ ಇಟ್ಟುಕೊಳ್ಳಿ. ನಿಮ್ಮ ಶಾಸಕರ ಕಚೇರಿಯಲ್ಲಿ ಪತ್ರ ಕೇಳಿ.

ವಿಜಯನಗರ ವಾಸಿ
ಬೇಸರದಿಂದಲೇ ಕೇಳುತ್ತಿದ್ದೇನೆ. ನನ್ನ ವಾಟ್ಸಾಪ್‌ಗೆ ಇಂಥ ಪೋಸ್ಟರ್ ಬರುತ್ತಲೇ ಇರುತ್ತವೆ. ಕೊಡಬೇಕು ಅನ್ನಿಸುತ್ತದೆ. ಯಾವುದು ನಿಜ, ಯಾವುದು ಸುಳ್ಳು ಅಂತ ಗೊತ್ತಾಗದೆ ಸುಮ್ಮನಾಗುತ್ತೇನೆ. ಆಮೇಲೆ ಮನಸ್ಸಿಗೆ ಕಿರಿಕಿರಿ. ನೀವೆಲ್ಲ ಹೇಗೆ ನೋಡಿ ಕೊಡುತ್ತೀರಿ?

ಶಾಂತಿನಗರದ ಅಣ್ಣ
ಮೊದಲು ತಾರೀಕು ನೋಡಿ. ತಾರೀಕೇ ಇಲ್ಲದ ಪೋಸ್ಟರ್ ವರ್ಷಗಟ್ಟಲೆ ತಿರುಗುತ್ತಿರುತ್ತದೆ. ಆ ಮಗು ದೊಡ್ಡದಾಗಿ ಶಾಲೆಗೆ ಹೋಗುತ್ತಿರಬಹುದು, ಅಥವಾ ತೀರಿಹೋಗಿ ಮನೆಯವರು ಇನ್ನೂ ಬರುವ ಫೋನ್‌ಗಳಿಗೆ ಉತ್ತರ ಕೊಟ್ಟು ಸೋತಿರಬಹುದು. ಕೆಲವೊಮ್ಮೆ ನಿಜವಾದ ಪೋಸ್ಟರ್‌ನಲ್ಲಿ ಖಾತೆ ನಂಬರ್ ಮಾತ್ರ ಬದಲಾಯಿಸಿ ಹರಿಬಿಡುತ್ತಾರೆ. ಫೋಟೋವನ್ನು ಗೂಗಲ್‌ನಲ್ಲಿ ಹಾಕಿ ಹುಡುಕಿದರೆ ಹಳೆಯದು ಸಿಕ್ಕಿಬೀಳುತ್ತದೆ.

ಆಮೇಲೆ ಆಸ್ಪತ್ರೆಗೆ ಫೋನ್ ಮಾಡಿ. ಪೋಸ್ಟರ್‌ನಲ್ಲಿರುವ ನಂಬರ್ ಬೇಡ, ಆಸ್ಪತ್ರೆಯ ವೆಬ್‌ಸೈಟ್‌ನಲ್ಲಿರುವ ನಂಬರ್. ಕಾಯಿಲೆಯ ವಿವರ ಅವರು ಹೇಳುವುದಿಲ್ಲ, ಹೇಳಲೂಬಾರದು. ಈ ಐಪಿ ನಂಬರಿನ (ಒಳರೋಗಿ ನಂಬರಿನ) ರೋಗಿಯ ಬಿಲ್‌ಗೆ ನೇರವಾಗಿ ದುಡ್ಡು ಕಟ್ಟಬಹುದಾ ಅಂತ ಕೇಳಿದರೆ ಸಾಕು. ನನ್ನ ಸ್ನೇಹಿತರೊಬ್ಬರು ಹಾಗೇ ಕಟ್ಟಿ ರಸೀದಿಯ ಫೋಟೋ ನನಗೆ ಕಳಿಸಿದರು. ಖಾತೆಗೆ ದುಡ್ಡು ಬಂದದ್ದಕ್ಕಿಂತ ಅದು ನನಗೆ ಹೆಚ್ಚು ಧೈರ್ಯ ಕೊಟ್ಟಿತು.

ಲೆಕ್ಕದವರು, ಬಸವನಗುಡಿ
ಅಕೌಂಟೆಂಟ್ ಆಗಿ ಕೆಲವು ಮಾತು. ಆ ಹುಡುಗನ ಕ್ಯೂಆರ್ ಕೋಡ್ ಬೇಡ. ಅವನು ಒಳ್ಳೆಯವನೇ ಇರಬಹುದು. ನಾಳೆ ಯಾರಾದರೂ ಒಂದು ಮಾತು ಅಂದರೆ ಅವನ ಹತ್ತಿರ ತೋರಿಸಲು ಏನೂ ಇರುವುದಿಲ್ಲ, ಅವನ ಸ್ವಂತ ಖರ್ಚೆಲ್ಲ ಅದೇ ಖಾತೆಯಲ್ಲಿ ಬೆರೆತಿರುತ್ತದೆ. ರೋಗಿಯ ಹೆಂಡತಿಯ ಹೆಸರಿನಲ್ಲಿ ಒಂದು ಹೊಸ ಉಳಿತಾಯ ಖಾತೆ ತೆರೆಸಿ. ಬೇರೆ ಯಾವ ವ್ಯವಹಾರವೂ ಅದರಲ್ಲಿ ಬೇಡ.

ದೊಡ್ಡ ಮೊತ್ತ ಕೊಡುವವರಿಗೆ ಆಸ್ಪತ್ರೆಯ ಖಾತೆಗೇ ಕಳಿಸಲು ಹೇಳಿ. ಆಸ್ಪತ್ರೆಗೆ ಯುಪಿಐನಲ್ಲಿ ಒಂದು ಸಲಕ್ಕೆ 5 ಲಕ್ಷದವರೆಗೆ ಕಟ್ಟಲು ರಿಸರ್ವ್ ಬ್ಯಾಂಕ್ 2023ರ ಡಿಸೆಂಬರ್‌ನಲ್ಲೇ ಅವಕಾಶ ಕೊಟ್ಟಿದೆ. ನಗದು ಬೇಡ. ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ ಒಟ್ಟು 50,000ಕ್ಕಿಂತ ಹೆಚ್ಚು ಉಡುಗೊರೆಯಾಗಿ ಬಂದರೆ ಅದನ್ನು ಆದಾಯ ಅಂತ ಲೆಕ್ಕ ಹಾಕುವ ನಿಯಮವೂ ಇದೆ. ಅದಕ್ಕೇ ಹೇಳುವುದು, ಬಂದದ್ದೆಲ್ಲ ಆಸ್ಪತ್ರೆಗೆ ಹೋಗಿದೆ ಅಂತ ತೋರಿಸುವ ಪ್ರತಿ ರಸೀದಿಯನ್ನೂ ಇಟ್ಟುಕೊಳ್ಳಿ. ಮೊತ್ತ ದೊಡ್ಡದಾದರೆ ಒಬ್ಬ ಆಡಿಟರ್ ಹತ್ತಿರ ಒಂದು ಸಲ ಕೂತು ಮಾತಾಡಿ.

ಕೊಡುವವರು ತೆರಿಗೆ ವಿನಾಯಿತಿಗೆ 80ಜಿ ರಸೀದಿ ಕೇಳಿದರೆ ವ್ಯಕ್ತಿಗೆ ಕೊಟ್ಟದ್ದಕ್ಕೆ ಅದು ಬರುವುದಿಲ್ಲ. ನೋಂದಣಿಯಾದ ಟ್ರಸ್ಟ್‌ಗೆ ಕೊಟ್ಟರೆ ಮಾತ್ರ. ಇನ್ನು, ತಾಣದಲ್ಲಿ ಪಾವತಿ ಮಾಡುವಾಗ ಟಿಪ್ ಅಂತ ಒಂದಷ್ಟು ಮೊದಲೇ ಸೇರಿರುತ್ತದೆ. ಅದನ್ನು ಕಮ್ಮಿ ಮಾಡಬಹುದು. ಕೆಲವರು ನಿಮ್ಮ ಪೇಜ್‌ಗೆ ಜಾಹೀರಾತು ಹಾಕುತ್ತೇವೆ ಅಂತ ಹೇಳಿ ಅದರ ಖರ್ಚನ್ನು ಬಂದ ದುಡ್ಡಿನಲ್ಲಿ ಹಿಡಿಯುತ್ತಾರೆ. ಕೈಗೆ ಎಷ್ಟು ಬರುತ್ತದೆ ಅಂತ ಬರವಣಿಗೆಯಲ್ಲಿ ಕೇಳದೆ ಒಪ್ಪಬೇಡಿ.

ಒಬ್ಬ ರೋಗಿ
ಇಷ್ಟೂ ಓದಿದೆ. ನನಗೇ ಮೆದುಳಿನ ಆಪರೇಷನ್ ಆಗಿದೆ, ನನ್ನ ಹೆಸರಿನಲ್ಲೂ ದುಡ್ಡು ಸೇರಿಸಿದ್ದರು. ಕೊಟ್ಟ ಪ್ರತಿಯೊಬ್ಬರಿಗೂ ಜೀವ ಇರುವವರೆಗೆ ಋಣಿ. ಆದರೂ ಇಲ್ಲಿ ಇದನ್ನು ಹೇಳಲೇಬೇಕು.

ತಲೆ ಬೋಳಿಸಿ, ಮೂಗಿನಲ್ಲಿ ಟ್ಯೂಬ್ ಹಾಕಿಕೊಂಡು, ಕಣ್ಣು ಅರ್ಧ ತೆರೆದು ಮಲಗಿರುವ ನನ್ನ ಫೋಟೋ ನನಗೆ ಗೊತ್ತಿಲ್ಲದೆ ಸಾವಿರಾರು ಜನರ ಫೋನ್‌ಗೆ ಹೋಗಿತ್ತು. ನನ್ನ ಹೆಸರು, ಊರು, ಫಿಟ್ಸ್ ಬರುತ್ತದೆ ಅನ್ನುವುದು, ಎಲ್ಲವೂ. ನಾನು ಚೇತರಿಸಿಕೊಂಡು ಕೆಲಸ ಹುಡುಕಲು ಹೋದಾಗ ಒಂದು ಕಡೆ ಆ ಫೋಟೋವನ್ನೇ ತೋರಿಸಿ ಇದು ನೀವಾ ಅಂತ ಕೇಳಿದರು. ಕೆಲಸ ಸಿಗಲಿಲ್ಲ. ಫಿಟ್ಸ್ ಬಗ್ಗೆ ನಮ್ಮ ಜನರಲ್ಲಿ ಎಷ್ಟು ಹೆದರಿಕೆ ಇದೆ ಅಂತ ನಿಮಗೆಲ್ಲ ಗೊತ್ತಲ್ವಾ. ಮನೆಯಲ್ಲಿ ಮದುವೆಯ ಮಾತು ಬಂದಾಗಲೂ ಇದೇ ಎದ್ದು ನಿಲ್ಲುತ್ತದೆ.

ಲಗ್ಗೆರೆಯವರೇ, ಆ ಮನುಷ್ಯನಿಗೆ ಈಗ ಪ್ರಜ್ಞೆ ಇದೆ ಅಂತ ಕಾಣುತ್ತದೆ. ಅವರನ್ನೇ ಕೇಳಿ. ಯಾವ ಫೋಟೋ ಹಾಕಲಿ, ಯಾವ ಹೆಸರು ಹಾಕಲಿ, ಯಾವುದನ್ನು ಹೇಳಬಾರದು ಅಂತ. ಬ್ರಷ್ ಹಿಡಿದು ಗೋಡೆಗೆ ಬಣ್ಣ ಹೊಡೆಯುತ್ತಿರುವ ಫೋಟೋ ಇದ್ದರೆ ಅದನ್ನು ಹಾಕಿ. ಮಕ್ಕಳ ಮುಖ ಬೇಡ. ಎಂಟನೇ ಕ್ಲಾಸಿನ ಹುಡುಗಿ ನಾಳೆ ಶಾಲೆಗೆ ಹೋಗಬೇಕು. ರಿಪೋರ್ಟ್ ಹಾಕುವುದಾದರೆ ವಿಳಾಸ, ಫೋನ್ ನಂಬರ್, ಆಧಾರ್ ಮುಚ್ಚಿ ಹಾಕಿ. ದುಡ್ಡು ಸೇರಿದ ಮೇಲೆ ಪೇಜ್ ಮುಚ್ಚಿಸಿ, ಹೆಸರು ತೆಗೆಯಲು ತಾಣದವರಿಗೆ ಬರೆಯಿರಿ.

ವಿಜಯನಗರ ವಾಸಿ
ನೀವು ಇದನ್ನು ಬರೆದದ್ದಕ್ಕೆ ತುಂಬಾ ಧನ್ಯವಾದ. ಅಂಥ ಫೋಟೋ ಇರುವ ಪೋಸ್ಟರ್‌ಗಳನ್ನು ನಾನೂ ಮುಂದಕ್ಕೆ ಕಳಿಸುವುದಿಲ್ಲ.

ಯಾದಗಿರಿ ಮೇಷ್ಟ್ರು
ನಾನು ಯಾದಗಿರಿ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರು. ಇಲ್ಲಿ ಎಲ್ಲರೂ ಆಫೀಸಿನವರು, ಬ್ಯಾಚಿನ ಗ್ರೂಪು ಅಂತ ಹೇಳುತ್ತಿದ್ದೀರಿ. ಅದು ಇಲ್ಲದವರ ಗತಿ ಏನು ಅನ್ನುವುದೇ ನನ್ನ ಸಂಕಟ. ನಮ್ಮ ಶಾಲೆಯ ಒಬ್ಬ ಹುಡುಗನ ತಂದೆ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದಾಗ ಮೇಲಿಂದ ಬಿದ್ದು ತಲೆಗೆ ಪೆಟ್ಟಾಯಿತು. ನಾವು ಕೆಲವು ಶಿಕ್ಷಕರು ಸೇರಿ ಪೇಜ್ ತೆರೆದೆವು. ಅವರ ಬಂಧುಗಳೆಲ್ಲ ಕೂಲಿಯವರು. ಕೊಟ್ಟವರು ಹತ್ತು, ಇಪ್ಪತ್ತು, ಐವತ್ತು ರೂಪಾಯಿ ಕೊಟ್ಟರು. ತಮ್ಮ ಕೂಲಿಯಲ್ಲೇ ಕೊಟ್ಟರು. ಒಟ್ಟು ಮಾಡಿದರೆ ಸ್ಕ್ಯಾನಿಂಗ್ ಖರ್ಚಿಗೂ ಸಾಲಲಿಲ್ಲ. ಅದೇ ಹೊತ್ತಿನಲ್ಲಿ ಅದೇ ತಾಣದಲ್ಲಿ, ಇಂಗ್ಲಿಷಿನಲ್ಲಿ ಚೆನ್ನಾಗಿ ಬರೆದಿದ್ದ ಬೇರೊಬ್ಬರ ಪೇಜ್‌ಗೆ ಲಕ್ಷಗಟ್ಟಲೆ ಬಂದದ್ದನ್ನು ನಾವು ನೋಡುತ್ತಿದ್ದೆವು. ಅವರಿಗೂ ಕಷ್ಟವೇ, ಅವರಿಗೆ ಬಂದದ್ದು ತಪ್ಪಲ್ಲ. ಯಾರಿಗೆ ಚಿಕಿತ್ಸೆ ಸಿಗಬೇಕು ಅನ್ನುವುದನ್ನು ಯಾರಿಗೆ ಎಷ್ಟು ಸ್ನೇಹಿತರಿದ್ದಾರೆ ಅನ್ನುವುದು ತೀರ್ಮಾನ ಮಾಡಬಾರದು.

ಇದು ಸರ್ಕಾರ ಹೊರಬೇಕಾದ ಭಾರ. ನಾವು ಪೋಸ್ಟರ್ ಹಂಚುತ್ತಾ ಹೋದಷ್ಟೂ ಆ ಮಾತು ಮರೆಯಾಗುತ್ತದೆ ಅಂತ ನನಗೆ ಭಯ.

ಶಾಂತಿನಗರದ ಅಣ್ಣ
ಮೇಷ್ಟ್ರೇ, ನಿಮ್ಮ ಮಾತು ನಿಜ. ಆದರೆ ತಂಗಿ ಐಸಿಯುನಲ್ಲಿ ಇದ್ದಾಗ ಸರ್ಕಾರ ಸರಿಹೋಗಲಿ ಅಂತ ನಾನು ಕಾಯಲು ಆಗುತ್ತಿರಲಿಲ್ಲ. ನಿಮ್ಹಾನ್ಸ್‌ನಲ್ಲಿ ಹಾಸಿಗೆ ಸಿಗುವುದಿಲ್ಲ ಅನ್ನುವ ಹೆದರಿಕೆಯಿಂದಲೇ ಎಷ್ಟೋ ಜನ ಮನೆ ಅಡವಿಟ್ಟು ಖಾಸಗಿಗೆ ಹೋಗುತ್ತಾರೆ.

ಹಳೇ ಸೋಷಿಯಲ್ ವರ್ಕರ್
ಇಬ್ಬರ ಮಾತಿಗೂ ಸೇರಿಸಿ ಹೇಳುತ್ತೇನೆ. ಸರ್ಕಾರದ್ದು ಇದೆ ಅನ್ನುವುದೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಕೇಳದೇ ಬಿಟ್ಟ ಹಕ್ಕಿಗೆ ಒತ್ತಾಯ ಹುಟ್ಟುವುದಿಲ್ಲ. ಪ್ರತಿ ಬಿಪಿಎಲ್ ಕಾರ್ಡಿನವರೂ ಆರೋಗ್ಯ ಮಿತ್ರರ ಮುಂದೆ ನಿಂತು ಯಾಕೆ ಆಗುವುದಿಲ್ಲ ಅಂತ ಬರೆದುಕೊಡಿ ಅಂದರೆ ವ್ಯವಸ್ಥೆ ಅಷ್ಟರಮಟ್ಟಿಗೆ ಅಲುಗಾಡುತ್ತದೆ.

ನಿಮ್ಹಾನ್ಸ್ ಬಗ್ಗೆ. ಹೊಸೂರು ರಸ್ತೆಯ ಈ ಸಂಸ್ಥೆ ಈಗಿನ ರೂಪದಲ್ಲಿ ಶುರುವಾದದ್ದು 1974ರಲ್ಲಿ. ಮಾನಸಿಕ ಕಾಯಿಲೆಗೆ ಮಾತ್ರ ಅಂತ ಈಗಲೂ ತುಂಬಾ ಜನ ತಿಳಿದಿದ್ದಾರೆ. ನ್ಯೂರೋಸರ್ಜರಿ ಅಲ್ಲಿ ಬಹಳ ದೊಡ್ಡ ವಿಭಾಗ, ಎಮರ್ಜೆನ್ಸಿ 24 ಗಂಟೆ ತೆರೆದಿರುತ್ತದೆ, ಬಿಪಿಎಲ್ ಕಾರ್ಡಿಗೆ ರಿಯಾಯಿತಿ ಇದೆ. ಜನ ಜಾಸ್ತಿ, ಕಾಯಬೇಕಾಗುತ್ತದೆ, ಅದೂ ಸತ್ಯ. ಹಾಗಂತ ಹೋಗದೇ ಇರಬೇಡಿ. ಎಷ್ಟು ತುರ್ತು ಅಂತ ನೋಡಿ ಅಲ್ಲೇ ವಿಂಗಡಿಸುತ್ತಾರೆ. ಎಂಆರ್‌ಐ ಫಿಲ್ಮ್ ಜೊತೆ ಸಿಡಿಯನ್ನೂ ತೆಗೆದುಕೊಂಡು ಹೋಗಿ, ಇಲ್ಲದಿದ್ದರೆ ಮತ್ತೆ ಸ್ಕ್ಯಾನ್ ಮಾಡಿಸಬೇಕಾಗಬಹುದು.

ವೈಟ್‌ಫೀಲ್ಡ್‌ನಲ್ಲಿ ಶ್ರೀ ಸತ್ಯಸಾಯಿ ಉನ್ನತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ, 2001ರಲ್ಲಿ ಶುರುವಾದದ್ದು. ಹೃದಯದ ಆಪರೇಷನ್‌ನಂತೆ ಮೆದುಳಿನ ಆಪರೇಷನ್‌ಗೂ ಅಲ್ಲಿ ಬಿಲ್ ಇಲ್ಲ. ಜಾತಿ, ಧರ್ಮ, ಕಾರ್ಡ್ ಕೇಳುವುದಿಲ್ಲ. ದಿನ ನಿಗದಿ ಮಾಡಿ ಮಾಡುವ ಆಪರೇಷನ್ ಆದರೆ ಅಲ್ಲಿ ಖಂಡಿತ ಒಮ್ಮೆ ಕೇಳಿ.

ಮೇಷ್ಟ್ರೇ, ರಸ್ತೆ ಅಪಘಾತದ ತಲೆಪೆಟ್ಟು ಆದರೆ 2025ರ ಮೇ ತಿಂಗಳಿಂದ ಕೇಂದ್ರದ ಯೋಜನೆಯೊಂದು ಇದೆ, 7 ದಿನದವರೆಗೆ 1.5 ಲಕ್ಷದ ತನಕ ಕ್ಯಾಶ್‌ಲೆಸ್. ಕಟ್ಟಡದಿಂದ ಬಿದ್ದವರಿಗೆ ಅದು ಬರುವುದಿಲ್ಲ. ಅವರಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. ಊರಿನಿಂದ ಬೆಂಗಳೂರಿಗೆ ಕೆಲಸಕ್ಕೆ ಹೊರಡುವ ತಂದೆ ತಾಯಂದಿರಿಗೆ ಲೇಬರ್ ಕಾರ್ಡ್ ಮಾಡಿಸಿಕೊಳ್ಳಿ ಅಂತ ಶಾಲೆಯ ಸಭೆಯಲ್ಲಿ ನೀವು ಹೇಳಬಹುದು. ನೀವು ಹೇಳಿದರೆ ಕೇಳುತ್ತಾರೆ.

ಯಾದಗಿರಿ ಮೇಷ್ಟ್ರು
ಮುಂದಿನ ಪೋಷಕರ ಸಭೆಯಲ್ಲಿ ಇದನ್ನೇ ಮೊದಲು ಹೇಳುತ್ತೇನೆ. ಇದು ನಮ್ಮ ಕೈಯಲ್ಲಿ ಆಗುವ ಕೆಲಸ.

ನರ್ಸ್ ಅಕ್ಕ
ನ್ಯೂರೋ ವಾರ್ಡ್‌ನಲ್ಲಿ ಕೆಲಸ ಮಾಡುತ್ತೇನೆ. ಎಲ್ಲರೂ ಆಪರೇಷನ್ ಬಿಲ್ ಬಗ್ಗೆ ಮಾತಾಡುತ್ತಿದ್ದೀರಿ. ಮನೆಗಳು ಮುಳುಗುವುದು ಅದರ ನಂತರ. ಅದನ್ನೂ ಬರೆಯುತ್ತೇನೆ.

ಗಡ್ಡೆ ತೆಗೆದ ಮೇಲೆ ಅದನ್ನು ಪರೀಕ್ಷೆಗೆ ಕಳಿಸುತ್ತಾರೆ. ಮುಂದೇನು ಅಂತ ತೀರ್ಮಾನ ಆಗುವುದು ಆ ಬಯಾಪ್ಸಿ ರಿಪೋರ್ಟ್ ಬಂದಾಗ. ಕೆಟ್ಟ ಜಾತಿಯ ಗಡ್ಡೆ, ಗ್ಲಿಯೋಬ್ಲಾಸ್ಟೋಮಾದಂಥದ್ದು ಆಗಿದ್ದರೆ ಸಾಮಾನ್ಯವಾಗಿ ವಾರಕ್ಕೆ 5 ದಿನದ ಹಾಗೆ 6 ವಾರ ರೇಡಿಯೇಷನ್, ಜೊತೆಗೆ ಟೆಮೊಜೊಲೊಮೈಡ್ ಕ್ಯಾಪ್ಸೂಲ್. ಆರು ವಾರ ದಿನವೂ ಆಸ್ಪತ್ರೆಗೆ ಆಟೋ ಬೇಕು, ಜೊತೆಗೆ ಒಬ್ಬರು ಇರಬೇಕು, ಅವರ ಕೂಲಿ ಹೋಗುತ್ತದೆ. ರೇಡಿಯೇಷನ್‌ಗೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೇಳಿ.

ತಲೆಪೆಟ್ಟಿನ ಕೆಲವರಿಗೆ ಮೆದುಳು ಊದಿಕೊಂಡಾಗ ತಲೆಬುರುಡೆಯ ಒಂದು ಭಾಗ ತೆಗೆದು ಹೊಟ್ಟೆಯ ಚರ್ಮದ ಕೆಳಗೆ ಅಥವಾ ಫ್ರೀಜರ್‌ನಲ್ಲಿ ಇಡುತ್ತಾರೆ. ತಿಂಗಳುಗಳ ನಂತರ ಅದನ್ನು ವಾಪಸ್ ಕೂರಿಸಲು ಇನ್ನೊಂದು ಆಪರೇಷನ್. ಅದರ ದುಡ್ಡು ಯಾರ ಪೋಸ್ಟರ್‌ನಲ್ಲೂ ಇರುವುದಿಲ್ಲ. ಅಷ್ಟರಲ್ಲಿ ಗ್ರೂಪಿನ ಜನರೂ ಕೊಟ್ಟು ಸುಸ್ತಾಗಿರುತ್ತಾರೆ.

ಮನೆಗೆ ಹೋದ ಮೇಲೆ ಗಂಟಲಿನ ಟ್ಯೂಬ್ ಇದ್ದರೆ ಸಕ್ಷನ್ ಮಷಿನ್ ಬಾಡಿಗೆಗೆ ಬೇಕು. ಮಲಗಿದಲ್ಲೇ ಇದ್ದರೆ ಬೆನ್ನು ಹುಣ್ಣಾಗದ ಹಾಗೆ ಗಾಳಿ ಹಾಸಿಗೆ, ಡಯಾಪರ್, ಫಿಸಿಯೋಥೆರಪಿ. ದುಡ್ಡಿಲ್ಲ ಅಂತ ಮೊದಲು ನಿಲ್ಲಿಸುವುದು ಫಿಸಿಯೋಥೆರಪಿಯನ್ನೇ. ಎರಡನೆಯದು ಫಿಟ್ಸ್ ಮಾತ್ರೆ. ಕೈಮುಗಿದು ಕೇಳುತ್ತೇನೆ, ಆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಏಕಾಏಕಿ ನಿಲ್ಲಿಸಿ ಜೋರು ಫಿಟ್ಸ್ ಬಂದು ಮತ್ತೆ ಐಸಿಯು ಸೇರಿದವರನ್ನು ನೋಡಿ ನೋಡಿ ಕರುಳು ಕಿತ್ತು ಬರುತ್ತದೆ. ಬ್ರ್ಯಾಂಡ್ ದುಬಾರಿ ಆದರೆ ಜನೌಷಧಿ ಅಂಗಡಿಯಲ್ಲಿ ಅದೇ ಔಷಧ ಕಮ್ಮಿಗೆ ಸಿಗುತ್ತದಾ ಅಂತ ಡಾಕ್ಟರ್ ಹತ್ತಿರ ಕೇಳಿಕೊಂಡು ನೋಡಿ.

ಲಗ್ಗೆರೆ ನಿವಾಸಿ
ಎಲ್ಲರಿಗೂ ಸುದ್ದಿ ಕೊಡಬೇಕಿತ್ತು. ಎಚ್‌ಆರ್ ಹತ್ತಿರ ನಾನೂ ನಮ್ಮ ಮನೆಯವರೂ ಜೊತೆಗೆ ಹೋದೆವು. ಅವರು ತಕ್ಷಣ ಗಂಡನ ಹೆಸರು ಸೇರಿಸಿದರು. ಡಿಸ್ಪೆನ್ಸರಿಯಿಂದ ರಾಜಾಜಿನಗರಕ್ಕೆ, ಅಲ್ಲಿಂದ ಒಪ್ಪಂದ ಇರುವ ಆಸ್ಪತ್ರೆಗೆ ರೆಫರಲ್ ಸಿಕ್ಕಿತು. ಓಡಾಟ ಸುಲಭ ಇರಲಿಲ್ಲ. ಒಂದು ಸಹಿ, ಒಂದು ಜೆರಾಕ್ಸ್ ಅಂತ ವಾಪಸ್ ಕಳಿಸಿದರು. ಆ ಅಕ್ಕ ಒಬ್ಬರೇ ಇದ್ದಿದ್ದರೆ ಮೊದಲ ದಿನವೇ ಬಿಟ್ಟುಬಿಡುತ್ತಿದ್ದರು. ಡಾಕ್ಟರ್ ಸ್ಕ್ಯಾನ್ ನೋಡಿ ಮೆನಿಂಜಿಯೋಮಾ ಇರುವ ಹಾಗೆ ಕಾಣುತ್ತದೆ, ಮಾತ್ರೆಯಲ್ಲಿ ಸ್ವಲ್ಪ ಕಾಯಬಹುದು ಅಂದಿದ್ದಾರೆ. ಆಪರೇಷನ್‌ಗೆ ದಿನ ಗೊತ್ತಾಗಿದೆ.

ಈಗ ನಾವು ಕೇಳುತ್ತಿರುವುದು 1.2 ಲಕ್ಷ. ಗಂಡ ಕೆಲಸಕ್ಕೆ ಹೋಗಲಾಗದ ತಿಂಗಳುಗಳ ಬಾಡಿಗೆ, ರೇಷನ್, ಹೆಂಡತಿ ರಜೆ ಹಾಕಿದ ದಿನಗಳ ಸಂಬಳ, ಓಡಾಟ, ಫಿಸಿಯೋಥೆರಪಿ. ಅವರಿಬ್ಬರ ಒಪ್ಪಿಗೆ ತೆಗೆದುಕೊಂಡು ಗ್ರೂಪಿಗೆ ಹೀಗೆ ಬರೆದಿದ್ದೇವೆ: "ನಮ್ಮ ವಠಾರದ ಪೇಂಟರ್ ಅಣ್ಣನಿಗೆ ಮೆದುಳಿನ ಆಪರೇಷನ್ ಇದೆ. ಆಸ್ಪತ್ರೆ ಖರ್ಚು ಇಎಸ್‌ಐನಿಂದ ಆಗುತ್ತದೆ. ಮನೆ ನಡೆಸಲು ಸಹಾಯ ಬೇಕು. ಖಾತೆ ಅವರ ಹೆಂಡತಿಯದು. ಪ್ರತಿ ಭಾನುವಾರ ಲೆಕ್ಕ ಇಲ್ಲೇ ಹಾಕುತ್ತೇವೆ. ಉಳಿದರೆ ಇದೇ ವಾರ್ಡಿನ ಇನ್ನೊಬ್ಬ ರೋಗಿಗೆ ಕೊಡುತ್ತೇವೆ." ಫೋಟೋ ಹಾಕಿಲ್ಲ. ಅವರು ಯಾರು ಅಂತ ನಮ್ಮ ಬೀದಿಗೆಲ್ಲ ಗೊತ್ತು. ಅರ್ಧದಷ್ಟು ಆಗಲೇ ಬಂದಿದೆ.

ಲೆಕ್ಕದವರು, ಬಸವನಗುಡಿ
ಉಳಿದ ದುಡ್ಡಿನ ಮಾತನ್ನು ಮೊದಲೇ ಬರೆದದ್ದು ತುಂಬಾ ಒಳ್ಳೆಯ ಕೆಲಸ. ರೋಗಿ ಬದುಕದಿದ್ದರೆ ಏನು ಅನ್ನುವುದನ್ನೂ ಆ ದಂಪತಿಯ ಹತ್ತಿರ ಮೆಲ್ಲಗೆ ಮಾತಾಡಿಡಿ. ಬಾಯಿಗೆ ಬರುವುದಿಲ್ಲ, ಗೊತ್ತು. ಆದರೆ ಆಮೇಲೆ ಆ ದುಡ್ಡಿಗಾಗಿ ಎರಡೂ ಕಡೆಯ ಬಂಧುಗಳು ಜಗಳವಾಡಿದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಹಾಸನದ ಮಾವ
ಇದೇ ಜಾಗದಲ್ಲಿ ಕೇಳಬಹುದಾ ಗೊತ್ತಿಲ್ಲ, ಕ್ಷಮಿಸಿ. ನನ್ನ ಅಕ್ಕನ ಮಗುವಿಗೆ ನಾಲ್ಕು ತಿಂಗಳು. ತಲೆಯಲ್ಲಿ ನೀರು ತುಂಬಿದೆ, ಶಂಟ್ ಹಾಕಬೇಕು ಅಂತ ಇಲ್ಲಿನ ಡಾಕ್ಟರ್ ಹೇಳಿದರು. ಬೆಂಗಳೂರಿಗೆ ಕರೆದುಕೊಂಡು ಹೋಗಿ ಅಂದಿದ್ದಾರೆ. ಎಷ್ಟು ಲಕ್ಷ ಬೇಕಾಗುತ್ತದೋ ಅಂತ ಭಯ. ಪೇಜ್ ತೆರೆಯಲಾ?

ನರ್ಸ್ ಅಕ್ಕ
ಪೇಜ್ ಆಮೇಲೆ, ಮೊದಲು ಹೊರಡಿ. ಮಗುವಿನ ತಲೆ ಬೇಗ ಬೇಗ ದೊಡ್ಡದಾಗುತ್ತಿದ್ದರೆ, ವಾಂತಿ ಆಗುತ್ತಿದ್ದರೆ, ಮಂಕಾಗಿ ಮಲಗಿದ್ದರೆ, ಕಣ್ಣುಗುಡ್ಡೆ ಕೆಳಗೇ ನೋಡುವ ಹಾಗಿದ್ದರೆ ಒಂದು ದಿನವೂ ತಡ ಮಾಡಬೇಡಿ. ಶಂಟ್ ಅಂದರೆ ತಲೆಯ ನೀರನ್ನು ಹೊಟ್ಟೆಗೆ ಇಳಿಸುವ ಸಣ್ಣ ಕೊಳವೆ. ನಮ್ಮ ದೇಶದಲ್ಲೇ ತಯಾರಾಗುವ ಛಾಬ್ರಾ ಶಂಟ್ ಹೊರದೇಶದ್ದಕ್ಕಿಂತ ತುಂಬಾ ಕಮ್ಮಿ ಬೆಲೆಗೆ ಸಿಗುತ್ತದೆ, ಬೇಕಾದಷ್ಟು ಮಕ್ಕಳಿಗೆ ಅದನ್ನೇ ಹಾಕುತ್ತಾರೆ. ಕೆಲವು ಮಕ್ಕಳಿಗೆ ಶಂಟ್ ಇಲ್ಲದೆ ಎಂಡೋಸ್ಕೋಪಿಯಲ್ಲೇ ನೀರು ಹರಿಯಲು ದಾರಿ ಮಾಡುವುದೂ ಉಂಟು. ಅದನ್ನು ಅಲ್ಲಿನ ಡಾಕ್ಟರ್ ನೋಡಿ ಹೇಳುತ್ತಾರೆ.

ಹಳೇ ಸೋಷಿಯಲ್ ವರ್ಕರ್
ಹಾಸನದ ಸರ್ಕಾರಿ ಆಸ್ಪತ್ರೆಯಲ್ಲಿ ರೆಫರಲ್ ಬರೆಸಿಕೊಂಡೇ ಹೊರಡಿ. ಮಗುವಿನ ಹೆಸರು ರೇಷನ್ ಕಾರ್ಡಿಗೆ ಇನ್ನೂ ಸೇರಿಲ್ಲದಿದ್ದರೆ ಜನನ ಪ್ರಮಾಣ ಪತ್ರ, ತಾಯಿಯ ಆಧಾರ್, ಅಮ್ಮ ಅಪ್ಪನ ಹೆಸರಿರುವ ಕಾರ್ಡ್ ಇಟ್ಟುಕೊಂಡು ಆರೋಗ್ಯ ಮಿತ್ರರನ್ನು ಕೇಳಿ. ತಾಯಿ ಕಾರ್ಡ್, ಲಸಿಕೆ ಹಾಕಿಸಿದ ಪುಸ್ತಕ, ಸ್ಕ್ಯಾನ್ ಸಿಡಿ, ಎಲ್ಲದಕ್ಕೂ ನಾಲ್ಕು ನಾಲ್ಕು ಜೆರಾಕ್ಸ್. ಮಗು ತುಂಬಾ ಮಂಕಾಗಿದ್ದರೆ 108ಕ್ಕೆ ಫೋನ್ ಮಾಡಿ, ಬಸ್ಸು ಬೇಡ.

ಹಾಸನದ ಮಾವ
ಮಗು ಹಾಲು ಕುಡಿಯುತ್ತಿದೆ, ನಗುತ್ತದೆ. ರೆಫರಲ್ ಚೀಟಿ ಕೊಟ್ಟಿದ್ದಾರೆ. ಬಸ್ಸಿನಲ್ಲೇ ಹೋಗಬಹುದು ಅಂದಿದ್ದಾರೆ. ನಾಳೆ ಬೆಳಗಿನ ಜಾವ ಹೊರಡುತ್ತೇವೆ. ಬೆಂಗಳೂರಿನಲ್ಲಿ ನಮಗೆ ಯಾರೂ ಗೊತ್ತಿಲ್ಲ.

ಶಾಂತಿನಗರದ ಅಣ್ಣ
ಮೆಜೆಸ್ಟಿಕ್‌ನಲ್ಲಿ ಇಳಿಯಿರಿ. ಅಲ್ಲಿಂದ ನಿಮ್ಹಾನ್ಸ್‌ಗೆ ಸಿಟಿ ಬಸ್ ಸಿಗುತ್ತದೆ, ಮಗು ಇದೆ ಅಂದರೆ ಆಟೋ ಮಾಡಿಕೊಳ್ಳಿ. ನನ್ನ ಆಫೀಸು ಅಲ್ಲಿಂದ ಹತ್ತಿರ. ನಿಮಗೆ ನನ್ನ ನಂಬರ್ ಮೆಸೇಜ್ ಮಾಡಿದ್ದೇನೆ, ಬಸ್ ಹತ್ತಿದ ಕೂಡಲೇ ಫೋನ್ ಮಾಡಿ. ನೋಂದಣಿ ಕೌಂಟರ್ ಹತ್ತಿರ ಇರುತ್ತೇನೆ.